ಪಾಟಾ ಹೆಚ್ಚಿದರೆ ಟನ್ ಹೆಚ್ಚುವುದಿಲ್ಲ

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರುವುದಿಲ್ಲ. ಆದರೂ ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟೈರ್ ಗಾಡಿಗಳು ಟನ್ನಿಗೂ ಮೀರಿದ ಕಬ್ಬು ಹೇರಿಕೊಂಡು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಭಾರ ಹೊರುವುದೇ ಸ್ಪ್ರಿಂಗಿನ ಕೆಲಸವಾಗಿದ್ದರೆ ಅವು ಹೊಲದ ಬದು ದಾಟುವ ಮೊದಲೇ ಕುಸಿದು ಕೂರಬೇಕಿತ್ತು. ಸಾಕ್ಷಿ ಹೀಗೆ ಕಣ್ಣೆದುರೇ ಓಡಾಡುತ್ತಿದ್ದರೂ, ಹಿಂದೆ ಎರಡು ಪಾಟಾ, ಅಂದರೆ ಸ್ಪ್ರಿಂಗ್ ಕಟ್ಟಿನ ಉಕ್ಕಿನ ಪಟ್ಟಿ, ಹೆಚ್ಚಿಗೆ ಹಾಕಿಸಿದರೆ ಒಂದೂವರೆ ಟನ್ನಿನ ಪಿಕಪ್ ಮೂರು ಟನ್ ಹೊರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಬಂಪರಿಗೆ ಲಿಂಬೆಹಣ್ಣು, ಹಳೆಯ ಚಪ್ಪಲಿ ಕಟ್ಟುವುದರಿಂದ ಯಾರಿಗೂ ಕೇಡಿಲ್ಲ. ಈ ನಂಬಿಕೆ ಹಾಗಲ್ಲ, ಜೀವ ತೆಗೆಯಬಲ್ಲದು.

ಭಾರ ಹೊರುವುದು ಆ್ಯಕ್ಸಲ್, ಬೇರಿಂಗ್, ಟೈರ್ ಮತ್ತು ಚಾಸಿ. ಸ್ಪ್ರಿಂಗ್ ಬಂದದ್ದು ವೇಗದ ಕಾರಣಕ್ಕೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಆ ಲೋಹದ ರಾಶಿಯನ್ನು ಎತ್ತು, ಆನೆಗಳಿಂದ ಎಳೆಸಿ ಇಲ್ಲಿಗೆ ತಂದರು ಎನ್ನುತ್ತಾರೆ. ಪಾಟಾದ ಹಂಗು ಅದಕ್ಕಿರಲಿಲ್ಲ, ಏಕೆಂದರೆ ಅವಸರವೂ ಇರಲಿಲ್ಲ. ಚಕ್ರ ನಿಧಾನವಾಗಿ ಗುಂಡಿಗೆ ಇಳಿದು ಏರಿದರೆ ಮೇಲಿನ ಭಾರವೂ ನಿಧಾನವಾಗಿ ಇಳಿದು ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದೇ ಗುಂಡಿಯ ಅಂಚು ಬಡಿದರೆ, ಸ್ಪ್ರಿಂಗ್ ಇಲ್ಲದ ಗಾಡಿ ಇಡಿಯಾಗಿ ಜಿಗಿಯಬೇಕು. ಸ್ಪ್ರಿಂಗ್ ಇದ್ದರೆ ಜಿಗಿಯುವುದು ಚಕ್ರ ಮತ್ತು ಆ್ಯಕ್ಸಲ್ ಮಾತ್ರ. ಇಂಗ್ಲೆಂಡಿನಲ್ಲಿ ಒಬಡಾಯ ಎಲಿಯಟ್ ಕುದುರೆ ಸಾರೋಟಿನ ಸ್ಪ್ರಿಂಗಿಗೆ 1804ರಲ್ಲಿ ಪೇಟೆಂಟ್ ಪಡೆದದ್ದೂ ಓಟದ ಸಾರೋಟಿಗಾಗಿಯೇ.

ಅದಕ್ಕೂ ಮೊದಲು, 1678ರಲ್ಲಿ, ರಾಬರ್ಟ್ ಹುಕ್ ಸ್ಪ್ರಿಂಗಿನ ನಿಯಮವನ್ನು ವಿವರಿಸಿ ಪ್ರಕಟಿಸಿದ್ದ. ಹೇರಿದ ಭಾರ ಎಷ್ಟೋ, ಬಾಗುವುದೂ ಅದೇ ಪ್ರಮಾಣದಲ್ಲಿ. ಅಂದರೆ ಪಿಕಪ್‌ನ ಹಿಂಭಾಗ ಕುಗ್ಗುವುದು ದೋಷವಲ್ಲ, ಅಳತೆ. ಎಪಿಎಂಸಿಯಲ್ಲಿ ಚೀಲ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಮಾಡುವ ಕೆಲಸವನ್ನೇ ಪಾಟಾ ಚಾಸಿಯ ಕೆಳಗೆ ಮಾಡುತ್ತಿರುತ್ತದೆ. ಪಾಟಾ ಹೆಚ್ಚಿಸಿದವನು ಗಾಡಿಯ ಶಕ್ತಿಯನ್ನು ಹೆಚ್ಚಿಸಲಿಲ್ಲ, ತಕ್ಕಡಿಯ ಮುಳ್ಳನ್ನು ತಿರುಚಿದ, ಅಷ್ಟೆ.

ಆ ಮುಳ್ಳನ್ನು ಓದುವವನು ಚಾಲಕನೊಬ್ಬನೇ ಅಲ್ಲ. ಪಿಕಪ್‌ನ ಕೆಳಗೆ ಬಗ್ಗಿ ನೋಡಿ. ಅನೇಕ ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲ್‌ನಿಂದ ಚಾಸಿಯ ಕಡೆಗೆ ಒಂದು ತೆಳ್ಳನೆಯ ಸರಳು ಹೋಗಿರುತ್ತದೆ, ಕೆಸರು ಮೆತ್ತಿಕೊಂಡು, ಯಾರ ಲಕ್ಷ್ಯಕ್ಕೂ ಬೀಳದಂತೆ. ಅದರ ಮೇಲ್ತುದಿಯಲ್ಲಿ ಬ್ರೇಕ್ ಆಯಿಲ್ ಹಾಯುವ ಒಂದು ವಾಲ್ವ್ ಇದೆ. ಖಾಲಿ ಗಾಡಿಯ ಹಿಂಬದಿ ಹಗುರ. ಬ್ರೇಕ್ ಜೋರಾಗಿ ಒತ್ತಿದರೆ ಹಿಂದಿನ ಚಕ್ರಗಳು ಬಿಗಿದು ಬಾಲ ಅಡ್ಡಡ್ಡ ಜಾರುತ್ತದೆ. ಅದಕ್ಕಾಗಿ ವಾಲ್ವ್ ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಡೆದಿರುತ್ತದೆ. ಲೋಡ್ ಬಿದ್ದು ಹಿಂಭಾಗ ಕುಗ್ಗಿದಾಗ ಸರಳು ಸರಿದು, ವಾಲ್ವ್ ತೆರೆದು, ಒತ್ತಡ ಹೆಚ್ಚುತ್ತದೆ. ಈಗ ದಪ್ಪ ಪಾಟಾ ಹಾಕಿಸಿ. ಮೂರು ಟನ್ ಹೇರಿದರೂ ಹಿಂಭಾಗ ಅಷ್ಟಾಗಿ ಕುಗ್ಗುವುದಿಲ್ಲ, ಗಾಡಿ ಖಾಲಿಯೇ ಇದೆ ಎಂದು ವಾಲ್ವ್ ನಂಬುತ್ತದೆ. ಬೆಳಗಾವಿಯಿಂದ ತರಕಾರಿ ತುಂಬಿಕೊಂಡು ಗೋವೆಗೆ ಚೋರ್ಲಾ ಘಾಟ್ ಇಳಿಯುವಾಗ ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿದರೆ ಏನಾದೀತು? ಮುಂದಿನ ಬ್ರೇಕ್‌ಗಳು ಕಾದು ಕೆಂಡವಾಗುತ್ತವೆ. ಗ್ಯಾರೇಜಿನಲ್ಲಿ ಪಾಟಾ ಏರಿಸುವಾಗ ಈ ಸರಳಿನ ಮಾತೆತ್ತುವವರು ವಿರಳ.

ಇನ್ನು ದಪ್ಪದ ಲೆಕ್ಕ. ಒಂದೇ ಅಳತೆಯ ಐದು ಪಾಟಾಗಳಿಗೆ ಆರನೆಯದನ್ನು ಸೇರಿಸಿದರೆ ಬಿಗುವು, ಅಂದರೆ ಸುಲಭಕ್ಕೆ ಬಾಗದ ಗುಣ, ಐದರಲ್ಲೊಂದು ಪಾಲು ಹೆಚ್ಚುತ್ತದೆ. ಆದರೆ ಬಿಗುವು ದಪ್ಪದ ಘನಕ್ಕೆ ಅನುಗುಣ. 8 ಮಿಲಿಮೀಟರಿನ ಬದಲು 10 ಮಿಲಿಮೀಟರಿನದನ್ನು ಹಾಕಿದರೆ ಆ ಒಂದು ಪಾಟಾದ ಬಿಗುವು ಹತ್ತಿರ ಹತ್ತಿರ ಇಮ್ಮಡಿ! ಗುಜರಿಯಿಂದ ತಂದ ಲಾರಿಯ ಪಾಟಾವನ್ನು ಪಿಕಪ್‌ನ ಕಟ್ಟಿನೊಳಗೆ ಸೇರಿಸುವ ಪದ್ಧತಿ ಅಪಾಯಕಾರಿಯಾಗುವುದು ಇಲ್ಲಿಯೇ. ಎಲ್ಲವೂ ಒಟ್ಟಿಗೆ ಒಂದೇ ಅಳತೆಗೆ ಬಾಗುವಾಗ ದಪ್ಪನೆಯದು ಹೆಚ್ಚು ಒತ್ತಡ ಉಣ್ಣುತ್ತದೆ. ಲಾರಿಯಡಿ ಲಕ್ಷಾಂತರ ಬಾರಿ ಬಾಗಿ ದಣಿದ ಉಕ್ಕು ಅದು. ಪಾಟಾಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಇದ್ದರೂ ತುಕ್ಕಿನಡಿ ಕಾಣಿಸುವುದಿಲ್ಲ.

ಬಿಗುವು ಹೆಚ್ಚಾದರೆ ಖಾಲಿ ಅಥವಾ ಅರೆ ಲೋಡಿನ ಗಾಡಿ ಕುಣಿಯುತ್ತದೆ. ತನ್ನ ಮೇಲಿನ ಭಾರಕ್ಕೆ 10 ಸೆಂಟಿಮೀಟರ್ ಬಾಗುವ ಸ್ಪ್ರಿಂಗ್ ಸೆಕೆಂಡಿಗೆ ಸುಮಾರು 1.6 ಸಲ ತೂಗುತ್ತದೆ, 3 ಸೆಂಟಿಮೀಟರ್ ಮಾತ್ರ ಬಾಗುವುದು 2.9 ಸಲ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಈ ಅಂಕಿಗಳು ಬೇಕಿಲ್ಲ, ಕ್ರೇಟಿನ ತಳದಲ್ಲಿ ಒಡೆದ ಹಣ್ಣೇ ಸಾಕು.

ಹೇರುವ ಜಾಗವೂ ಮುಖ್ಯ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರವಿದೆ ಎನ್ನಿ. ಹಿಂದಿನ ಆ್ಯಕ್ಸಲ್‌ನಿಂದ 1 ಮೀಟರ್ ಆಚೆ 300 ಕಿಲೋ ಇಟ್ಟರೆ ಆ ಆ್ಯಕ್ಸಲ್ ಮೇಲೆ ಬೀಳುವುದು 400 ಕಿಲೋ. ಹೆಚ್ಚಿನ 100 ಕಿಲೋ ಮುಂದಿನ ಚಕ್ರಗಳಿಂದ ಕಿತ್ತುಕೊಂಡದ್ದು, ಸ್ಟೇರಿಂಗ್ ಹಗುರಾಗುವುದು ಅದಕ್ಕೇ. ಯಾವ ಪಾಟಾವೂ, ಯಾವ ಗಾಳಿ ಚೀಲದ ಸ್ಪ್ರಿಂಗೂ ಈ ಲೆಕ್ಕವನ್ನು ಬದಲಿಸಲಾರದು. ಮಿತಿ ಮೀರಿದ ಲೋಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ದಂಡದ ಭಯಕ್ಕಿಂತ ಈ ಗುಣಾಕಾರದ ಭಯ ಮೇಲು ಎಂದು ನನ್ನ ಎಣಿಕೆ.

ಹಾಗಾದರೆ ಪಾಟಾ ಕೆಲಸವೇ ಬೇಡವೇ? ಬೇಕಾದೀತು. ಅನುಮತಿಸಿದ ಪೂರ್ತಿ ಲೋಡನ್ನು ದಿನವೂ ಹೇರುವವರಿಗೆ ಹೆಲ್ಪರ್ ಪಾಟಾ ಒಳ್ಳೆಯದು. ಭಾರ ಹೆಚ್ಚಿದಾಗ ಮಾತ್ರ ಅದು ತಾಗುತ್ತದೆ, ಖಾಲಿ ಗಾಡಿಯ ಕುಣಿತವನ್ನು ಹೆಚ್ಚಿಸುವುದಿಲ್ಲ. ಗಾಡಿಯ ಮಾದರಿಗೆ ಹೊಂದುವುದನ್ನೇ ಹಾಕಿಸಬೇಕು, ಹಾಕಿಸಿದ ದಿನವೇ ಬ್ರೇಕ್ ವಾಲ್ವಿನ ಸರಳನ್ನು ಹೊಸದಾಗಿ ಹೊಂದಿಸಬೇಕು. ಒಂದೆರಡು ಲೋಡ್ ಓಡಿದ ಮೇಲೆ, ಪಾಟಾ ಕಟ್ಟನ್ನು ಆ್ಯಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯಬೇಕು. ಅವು ಸಡಿಲಾದರೆ ಸೆಂಟರ್ ಬೋಲ್ಟ್ ಕತ್ತರಿಸಿ ಇಡೀ ಆ್ಯಕ್ಸಲ್ ಓರೆಯಾಗುತ್ತದೆ.