ನಾಯಿ ಬಿಟ್ಟರೂ ಬದುಕದ ಜಿಂಕೆ

ನಾಯಿಗಳ ಬಾಯಿಂದ ಬಿಡಿಸಿ ತಂದ ಕಾಡುಕುರಿ ಎಂಬ ಸಣ್ಣ ಜಿಂಕೆಯ ಮೈಮೇಲೆ ಹಲವು ಸಲ ಹೇಳಿಕೊಳ್ಳುವಂಥ ಗಾಯವೇ ಇರುವುದಿಲ್ಲ. ತೊಡೆಯಲ್ಲಿ ಎರಡು ಹಲ್ಲಿನ ಗುರುತು, ಒಂದಿಷ್ಟು ಕಿತ್ತ ರೋಮ, ಅಷ್ಟೆ. ತಂದವರಿಗೆ ಸಮಾಧಾನ, ವನ್ಯಜೀವಿ ವೈದ್ಯರಾದ ನಮಗೆ ಆತಂಕ ಶುರುವಾಗುವುದೇ ಅಲ್ಲಿಂದ. ಪ್ರಾಣಭಯದಲ್ಲಿ ಶಕ್ತಿ ಮೀರಿ ಓಡಿದ ಜಿಂಕೆಯ ಸ್ನಾಯುಗಳು ಒಳಗೊಳಗೇ ಒಡೆಯುತ್ತವೆ. ಅವುಗಳಿಂದ ಸೋರಿದ ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಡುಕಂದಾಗುತ್ತದೆ, ಹಿಂಗಾಲು ಬಿಗಿಯುತ್ತದೆ; ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಪ್ರಾಣ ಹೋಗುತ್ತದೆ. ನೆಚ್ಚಿಕೊಳ್ಳಬಹುದಾದ ಔಷಧವಿಲ್ಲ. ಸಲೈನ್ ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಸದ್ದಿಲ್ಲದ ಕತ್ತಲಲ್ಲಿ ಇಡುತ್ತೇವೆ. ಸುತ್ತ ನೆರೆದು ಫೋಟೊ ತೆಗೆಯುವವರನ್ನು ಹೊರಗೆ ಕಳಿಸುವುದೂ ಚಿಕಿತ್ಸೆಯೇ.

ಸಣ್ಣ ಜಿಂಕೆಗಳು ಹಿಂಡು ಕಟ್ಟಿಕೊಂಡು ಬಾಳುವುದು ಕಡಿಮೆ. ಪೊದೆಯೊಳಗೆ ನುಸುಳಿ ಕದಲದೆ ಇದ್ದುಬಿಡುವುದು ಅವುಗಳ ಉಪಾಯ. ಕಣ್ಣಿನಿಂದ ಹುಡುಕುವ ಶತ್ರುವಿನೆದುರು ಇದು ನಡೆಯುತ್ತದೆ. ವಾಸನೆ ಹಿಡಿದು ಗುಂಪಾಗಿ ಬರುವ ನಾಯಿಗಳೆದುರು ನಡೆಯುವುದಿಲ್ಲ. ಚಿಲಿ ಮತ್ತು ಅರ್ಜೆಂಟೀನಾದ ಪುಡು ಮೊಣಕಾಲೆತ್ತರದ, ಹತ್ತು ಕಿಲೋ ಆಸುಪಾಸಿನ ಜಿಂಕೆ. ಚಿರತೆಯಂಥ ಬೇಟೆಪ್ರಾಣಿ ಪ್ಯೂಮಾದ ಜೊತೆಗೇ ಬಾಳಿಕೊಂಡು ಬಂದ ಇದನ್ನು ಈಗ ಊರಿನ ನಾಯಿಗಳು ಬೇಟೆಯಾಡುತ್ತಿವೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಹೋದ ಸಂಖ್ಯೆ ಬೇಗ ತುಂಬುವುದಿಲ್ಲ.

ಉರುಳಿನದು ಇನ್ನೂ ಕೆಟ್ಟ ಕಥೆ. ಕಾಲಿಗೆ ಬಿದ್ದ ತಂತಿಯನ್ನು ಕತ್ತರಿಸಿದ ಕೂಡಲೇ ಜಿಂಕೆ ನೆಗೆದು ಓಡುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ತಂತಿ ರಕ್ತನಾಳವನ್ನು ಹಿಸುಕಿದ್ದರೆ ಗೊರಸು ತಣ್ಣಗಾಗಿ, ದಿನಗಳ ನಂತರ ಕೊಳೆಯುತ್ತದೆ. ಹಾಗೆ ಸತ್ತದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದಕ್ಕೇ ತಕ್ಷಣ ಬಿಡುಗಡೆ ಮಾಡುವ ಆತುರ ನನಗೆ ಒಪ್ಪಿಗೆಯಿಲ್ಲ. ವಿಯೆಟ್ನಾಂ, ಲಾವೋಸ್ ಗಡಿಯ ಅನ್ನಮೈಟ್ ಬೆಟ್ಟಗಳಲ್ಲಿ ಉರುಳಿಗೆ ಮೋಟಾರ್ ಸೈಕಲ್ಲಿನ ಬ್ರೇಕ್ ತಂತಿಯೇ ಸಾಕು, ಅಗ್ಗ, ಗಟ್ಟಿ. 1994ರಲ್ಲಷ್ಟೇ ವಿಜ್ಞಾನದ ದಾಖಲೆ ಸೇರಿದ, ದೊಡ್ಡ ಕೊಂಬಿನ ಕಾಡುಕುರಿ ಅಲ್ಲಿ ಇಂದು ಅಳಿವಿನ ತುದಿಗೆ ಬಂದಿದೆ. ಕಸ್ತೂರಿ ಮೃಗವನ್ನು ಜೀವಶಾಸ್ತ್ರಜ್ಞರು ಜಿಂಕೆಗಳ ಕುಟುಂಬದಿಂದ ಹೊರಗಿಟ್ಟಿದ್ದಾರೆ, ಸಾವು ಮಾತ್ರ ಅದೇ ಬಗೆಯದು. ಕಸ್ತೂರಿ ಇರುವುದು ಗಂಡಿನಲ್ಲಿ, ಅದೂ ಸುಮಾರು 25 ಗ್ರಾಂ. ಉರುಳಿಗೆ ಹೆಣ್ಣು, ಮರಿ ಎಂಬ ಭೇದವಿಲ್ಲ.

ಮೈ ಚಿಕ್ಕದು ಎಂದ ಮಾತ್ರಕ್ಕೆ ಅಳಿವು ಕಟ್ಟಿಟ್ಟದ್ದಲ್ಲ. ಚೀನಾ ಮೂಲದ ರೀವ್ಸ್ ಕಾಡುಕುರಿ ಇಂಗ್ಲೆಂಡಿನಲ್ಲಿ ಸಾಕಿದ ಜಾಗದಿಂದ ತಪ್ಪಿಸಿಕೊಂಡು, ವರ್ಷವಿಡೀ ಮರಿ ಹಾಕುತ್ತಾ, ಅಲ್ಲಿನ ಕಾಡುಗಿಡಗಳಿಗೆ ಪಿಡುಗಾಗುವಷ್ಟು ಹೆಚ್ಚಿದೆ. ನಾಯಿ ಮತ್ತು ಉರುಳಿನ ಕಾಟ ತಗ್ಗಿಸಿದರೆ ಉಳಿಸುವುದು ಅಸಾಧ್ಯವಲ್ಲ ಎಂದು ನಾನು ವಾದಿಸುವುದು ಇಂಥ ಉದಾಹರಣೆಗಳ ಬಲದಿಂದಲೇ. ಕಾಡಂಚಿನ ಮನೆಗಳ ನಾಯಿಗಳಿಗೆ ಸಂತಾನಹರಣ, ಲಸಿಕೆ, ರಾತ್ರಿ ಕಟ್ಟಿಹಾಕುವುದು: ಯಾವುದೂ ಸುದ್ದಿಯಾಗುವ ಕೆಲಸವಲ್ಲ, ಹಾಗಾಗಿ ಹಣವೂ ಬರುವುದಿಲ್ಲ.

ಅನಾಥವೆಂದು ಎತ್ತಿ ತರುವ ಮರಿಗಳ ವಿಷಯವೂ ಇದೆ. ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುವುದು ತಾಯಿಯ ರೂಢಿ. ಹಾಲೂಡಿಸಲು ಮರಳಿ ಬರುತ್ತದೆ. ಗಾಯವಿಲ್ಲದೆ ಸುಮ್ಮನೆ ಮಲಗಿದ ಮರಿಯನ್ನು ಮುಟ್ಟಬೇಡಿ. ಈಗಾಗಲೇ ಎತ್ತಿಕೊಂಡಿದ್ದರೆ ಅರಣ್ಯ ಸಿಬ್ಬಂದಿಗೆ ತಿಳಿಸಿ, ಆದಷ್ಟು ಬೇಗ ಅದೇ ಜಾಗಕ್ಕೆ ಮರಳಿಸಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಒಲ್ಲೆನ್ನುತ್ತದೆ ಎಂಬುದು ಬಹುಮಟ್ಟಿಗೆ ಸುಳ್ಳು.