ರೆಫ್ರಿಯನ್ನು ಆಟಗಾರ ಪ್ರಶ್ನೆ ಕೇಳಬಹುದಾ?

ಓದುಗರ ಪ್ರಶ್ನೆ: ನಾನು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ವಾಲಿಬಾಲ್ ತಂಡದ ಕ್ಯಾಪ್ಟನ್. ಜಾತ್ರೆ ಪಂದ್ಯದಲ್ಲಿ ಒಂದು ಪಾಯಿಂಟ್ ಬಗ್ಗೆ ರೆಫ್ರಿಯನ್ನು ಕೇಳಲು ಹೋದೆ. "ಎದುರು ಮಾತಾಡಬ್ಯಾಡ, ನಿರ್ಣಾಯಕರ ತೀರ್ಮಾನವೇ ಅಂತಿಮ" ಅಂತ ಕಮಿಟಿಯವರೇ ಗದರಿಸಿ ಕಳಿಸಿದರು. ಆಟಗಾರ ಏನೂ ಕೇಳಲೇಬಾರದಾ? ಕೇಳಬಹುದು ಅಂದರೆ ಹೇಗೆ ಕೇಳಬೇಕು?

ಉತ್ತರ: ಕೇಳಬಹುದು. ನೀವು ಕ್ಯಾಪ್ಟನ್ ಆಗಿರುವುದರಿಂದ ಅದು ನಿಮ್ಮ ಹಕ್ಕು ಕೂಡ. ಆದರೆ ಏನನ್ನು ಕೇಳಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆ "ಅಂತಿಮ" ಅನ್ನುವ ಸಾಲು ನಮ್ಮ ಕೊಪ್ಪಳ, ರಾಯಚೂರು ಕಡೆಯ ಪಂದ್ಯಾವಳಿಗಳ ಹ್ಯಾಂಡ್‌ಬಿಲ್‌ನಲ್ಲಿ ಪ್ರವೇಶ ಶುಲ್ಕದ ಕೆಳಗೆ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಕೊಟ್ಟ ಪಾಯಿಂಟನ್ನು ಗಲಾಟೆ ಮಾಡಿ ವಾಪಸ್ ಪಡೆಯುವಂತಿಲ್ಲ, ಅಷ್ಟೇ ಅದರ ಮಾತು. ಯಾವ ಫೌಲ್‌ಗೆ ಕೊಟ್ಟಿರಿ ಅಂತ ಕೇಳುವುದನ್ನು ಅದು ತಡೆಯುವುದಿಲ್ಲ.

ವಾಲಿಬಾಲ್‌ನ ಅಂತರರಾಷ್ಟ್ರೀಯ ನಿಯಮ ಈ ವಿಷಯದಲ್ಲಿ ಬಹಳ ಸ್ಪಷ್ಟ. ಬಾಲ್ ಆಟದಲ್ಲಿ ಇಲ್ಲದಾಗ, ಅಂಕಣದಲ್ಲಿರುವ ಕ್ಯಾಪ್ಟನ್ ಒಬ್ಬರೇ ರೆಫ್ರಿ ಜೊತೆ ಮಾತಾಡಬಹುದು. ನಿಯಮವನ್ನು ಹೇಗೆ ಅನ್ವಯಿಸಿದಿರಿ ಅಂತ ವಿವರಣೆ ಕೇಳಬಹುದು. ಎರಡೂ ತಂಡಗಳ ರೊಟೇಶನ್ (ಆಟಗಾರರು ನಿಲ್ಲುವ ಸರದಿ) ಸರಿಯಿದೆಯಾ ಅಂತ ಪರೀಕ್ಷಿಸಲು ಕೇಳಬಹುದು. ನೆಟ್, ಬಾಲ್, ನೆಲ ನೋಡಿ ಅಂತಲೂ ಹೇಳಬಹುದು. ಮೊದಲ ರೆಫ್ರಿ, ಅಂದರೆ ಮುಖ್ಯ ರೆಫ್ರಿ, ತನ್ನ ತೀರ್ಮಾನದ ಮೇಲೆ ಚರ್ಚೆಗೆ ಅವಕಾಶ ಕೊಡಬಾರದು ಅನ್ನುವ ನಿಯಮವೇ, ಕ್ಯಾಪ್ಟನ್ ಕೇಳಿದರೆ ವಿವರಣೆ ಕೊಡಬೇಕು ಅಂತಲೂ ಹೇಳುತ್ತದೆ. ವಿವರಣೆ ಒಪ್ಪಿಗೆಯಾಗದಿದ್ದರೆ "ನಾವು ಪ್ರತಿಭಟನೆ ದಾಖಲಿಸುತ್ತೇವೆ" ಅಂತ ಆಗಲೇ ತಿಳಿಸಿ, ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟ್‌ನಲ್ಲಿ ಬರೆಸಬಹುದು. ನಿಮ್ಮನ್ನು ಗದರಿಸಿದವರು ಈ ಪುಟ ಓದಿರಲಿಕ್ಕಿಲ್ಲ.

ಈಗ ನೀವು ಏನು ಕೇಳಿದಿರಿ ಅನ್ನುವ ವಿಷಯಕ್ಕೆ ಬರೋಣ. "ಸರ, ಬಾಲ್ ಒಳಗ ಬಿದ್ದಿತ್ತು, ನಾ ನೋಡೀನಿ" ಅಂದಿದ್ದರೆ ಅದು ವಾದ. ನೀವು ಕಂಡಿದ್ದು ಒಂದು, ಅವರು ಕಂಡಿದ್ದು ಇನ್ನೊಂದು. ಟಿವಿ ರಿಪ್ಲೇ ಇಲ್ಲದ ಮೈದಾನದಲ್ಲಿ ಇದು ಬಗೆಹರಿಯುವ ಜಗಳವೇ ಅಲ್ಲ. ಅಲ್ಲಿ ಅವರ ಕಣ್ಣೇ ಕೊನೆ, ಸುಮ್ನೆ ಸರ್ವಿಸ್‌ಗೆ ಹೋಗಿ. "ಸರ, ಯಾವುದಕ್ಕ ಕೊಟ್ರಿ? ನೆಟ್ ಟಚ್ ಏನು, ನಾಕು ಟಚ್ ಏನು?" ಅಂದರೆ ಅದು ಪ್ರಶ್ನೆ. ಅದಕ್ಕೆ ಉತ್ತರ ಸಿಗಲೇಬೇಕು.

ಒಂದು ಉದಾಹರಣೆ ಕೊಡುತ್ತೇನೆ, ಹಳ್ಳಿ ಪಂದ್ಯಗಳಲ್ಲಿ ಇದು ಜಾಸ್ತಿ. ಎದುರಾಳಿ ಹೊಡೆದ ಸ್ಮ್ಯಾಶ್ ನೆಟ್ ಹತ್ತಿರ ತಡೆಯಲು ಎತ್ತಿದ ನಿಮ್ಮ ಕೈಗೆ (ಬ್ಲಾಕ್) ತಾಗಿ ನಿಮ್ಮ ಕಡೆಗೇ ಬಿತ್ತು. ಆಮೇಲೆ ನಿಮ್ಮವರು ಮೂರು ಸಲ ಮುಟ್ಟಿ ದಾಟಿಸಿದರು. ರೆಫ್ರಿ ಸೀಟಿ ಊದಿ ನಾಲ್ಕು ಟಚ್ ಅಂದರು. ನಿಯಮದ ಪ್ರಕಾರ ಬ್ಲಾಕ್‌ನ ಟಚ್ ಲೆಕ್ಕಕ್ಕೆ ಬರುವುದಿಲ್ಲ, ಅದಾದ ಮೇಲೆ ಇನ್ನೂ ಮೂರು ಟಚ್ ಸಿಗುತ್ತವೆ. ಇಲ್ಲಿ ರೆಫ್ರಿಯ ಕಣ್ಣು ತಪ್ಪಿಲ್ಲ, ನಿಯಮ ಅನ್ವಯಿಸಿದ್ದು ತಪ್ಪಿದೆ. ಇಂಥ ಕಡೆ ಕ್ಯಾಪ್ಟನ್ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ನಾನು ಶಿಸ್ತು ಅನ್ನುವುದಿಲ್ಲ.

ಇದೇ ತರದ್ದು ದೊಡ್ಡ ವೇದಿಕೆಯಲ್ಲೂ ನಡೆದಿದೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್. ಭಾರತ, ಇರಾನ್ 28-28 ಸಮ. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ (ಅಂಕಣದ ಬದಿಯ ಪಟ್ಟಿ) ಕಾಲಿಟ್ಟರು, ಇರಾನ್ ಡಿಫೆಂಡರ್‌ಗಳೂ ಹಿಂದೆಯೇ ಬಂದರು. ಯಾರು ಔಟ್, ಎಷ್ಟು ಪಾಯಿಂಟ್? ಹಳೆಯ ನಿಯಮವಾ, ಹೊಸದಾ? ಆಟ ಸುಮಾರು ಒಂದು ಗಂಟೆ ನಿಂತಿತು. ಒಮ್ಮೆ ಈ ತಂಡ ಒಪ್ಪಲಿಲ್ಲ, ಒಮ್ಮೆ ಆ ತಂಡ ಮ್ಯಾಟ್ ಮೇಲೆ ಕೂತಿತು. ಕೊನೆಗೆ ಭಾರತ 33-29ರಲ್ಲಿ ಗೆದ್ದಿತು. ಅಲ್ಲಿ ಆಟಗಾರರನ್ನು ಬೈಯಲು ನನಗೆ ಮನಸ್ಸಿಲ್ಲ. ಯಾವ ನಿಯಮ ನಡೆಯುತ್ತದೆ ಅನ್ನುವುದೇ ಗೊಂದಲವಾದರೆ ಆಟಗಾರ ಕೇಳದೆ ಇನ್ನೇನು ಮಾಡಬೇಕು?

ಕೇಳುವುದು ಬೇರೆ, ಬಿಟ್ಟು ಹೋಗುವುದು ಬೇರೆ. ಅದೇ ವರ್ಷ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್‌ನ ನಾಕೌಟ್ ಪಂದ್ಯ. ಕೇರಳ ಬ್ಲಾಸ್ಟರ್ಸ್ ಆಟಗಾರರ ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫ್ರಿ ಒಪ್ಪಿದರು. ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಬೆಂಗಳೂರು ಎಫ್‌ಸಿ ಮುಂದಿನ ಸುತ್ತಿಗೆ ಹೋಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಅವರ ಸಿಟ್ಟಿಗೆ ಕಾರಣ ಇತ್ತೋ ಇಲ್ಲವೋ, ಮೈದಾನ ಬಿಟ್ಟ ಮೇಲೆ ಅದನ್ನು ಕೇಳುವವರೇ ಇರಲಿಲ್ಲ.

ಫುಟ್‌ಬಾಲ್‌ನವರು ಈಗ ವಾಲಿಬಾಲ್ ದಾರಿಗೇ ಬರುತ್ತಿದ್ದಾರೆ. 2024ರ ಯುರೋ ಕಪ್‌ನಲ್ಲಿ ಕ್ಯಾಪ್ಟನ್ ಮಾತ್ರ ರೆಫ್ರಿ ಹತ್ತಿರ ಹೋಗಬೇಕು, ಬೇರೆಯವರು ಮುತ್ತಿಗೆ ಹಾಕಿದರೆ ಹಳದಿ ಕಾರ್ಡ್ ಅಂತ ಮಾಡಿದರು. ಕ್ಯಾಪ್ಟನ್ ಗೋಲ್‌ಕೀಪರ್ ಆಗಿದ್ದರೆ ಇನ್ನೊಬ್ಬರನ್ನು ಮೊದಲೇ ಹೆಸರಿಸಬೇಕು. ಬದಲಿಗೆ ರೆಫ್ರಿ ತೀರ್ಮಾನವನ್ನು ಕ್ಯಾಪ್ಟನ್‌ಗೆ ವಿವರಿಸಬೇಕು. ನನಗೆ ಹಿಡಿಸಿದ್ದು ಈ ಕೊನೆಯ ಭಾಗ. ಹನ್ನೊಂದು ಜನರ ಬಾಯಿ ಕಟ್ಟಿ ಒಬ್ಬರಿಗೂ ಉತ್ತರ ಕೊಡದಿದ್ದರೆ ಆ ನಿಯಮ ಹೆಚ್ಚು ದಿನ ಬಾಳುವುದಿಲ್ಲ.

ಕ್ರಿಕೆಟ್ ಇವೆಲ್ಲಕ್ಕಿಂತ ವಿಚಿತ್ರ. ಅಲ್ಲಿ ಆಟಗಾರ ಕೇಳದಿದ್ದರೆ ಅಂಪೈರ್ ಔಟ್ ಕೊಡುವಂತೆಯೇ ಇಲ್ಲ. ನಿಯಮ 31ರ ಪ್ರಕಾರ ಮುಂದಿನ ಎಸೆತಕ್ಕೆ ಬೌಲರ್ ಓಡಲು ಶುರು ಮಾಡುವ ಮೊದಲು ಅಪೀಲ್ ಬರಬೇಕು. ಹಾಗೆ ಕೂಗಲು ಬಿಟ್ಟವರೇ, ತೀರ್ಪು ಬಂದ ಮೇಲೆ ತಲೆ ಅಲ್ಲಾಡಿಸಿದರೂ ಅಸಮಾಧಾನ ಅಂತ ಹಿಡಿಯುತ್ತಾರೆ. 2017ರಿಂದ ನಿಯಮ 42 ಇದೆ: ಮೊದಲ ಸಲ ಎಚ್ಚರಿಕೆ, ಮತ್ತೆ ಮಾಡಿದರೆ ಎದುರು ತಂಡಕ್ಕೆ 5 ರನ್. 2023ರ ಜುಲೈನಲ್ಲಿ ಢಾಕಾದಲ್ಲಿ ಸ್ಟಂಪ್‌ಗೆ ಬ್ಯಾಟ್ ಬೀಸಿ, ಆಮೇಲೆ ಅಂಪೈರಿಂಗ್ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಕ್ಕೆ ಹರ್ಮನ್‌ಪ್ರೀತ್ ಕೌರ್ ಎರಡು ಪಂದ್ಯ ಹೊರಗುಳಿಯಬೇಕಾಯಿತು.

ಇನ್ನು ನಮ್ಮೂರ ಕಷ್ಟ. ಇಲ್ಲಿ ರೆಫ್ರಿ ಅಂದರೆ ಬಹಳ ಸಲ ಪಕ್ಕದೂರ ಶಾಲೆಯ ಪಿ.ಟಿ. ಮಾಸ್ತರು. ಆಡುವವರಲ್ಲಿ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಹಾಗಾಗಿ ಪ್ರಶ್ನೆಯೂ ಅವರಿಗೆ "ನನಗ ಹೇಳಾಕ ಬಂದೇನು" ಅನ್ನುವ ಹಾಗೆ ಕೇಳಿಸುತ್ತದೆ. ನೂರಾರು ಜನ ಸುತ್ತ ನಿಂತಿರುವಾಗ ಯಾರಿಗೂ ಸೋಲಲು ಇಷ್ಟ ಇಲ್ಲ, ಅಲ್ವಾ? ಅದಕ್ಕೇ ಹತ್ತಿರ ಹೋಗಿ, ದನಿ ಇಳಿಸಿ ಕೇಳಿ. ದೂರದಿಂದ ಕೈ ಎತ್ತಿ ಕೂಗಿದರೆ ಅದು ಜನರಿಗೆ ಮಾಡಿದ ದೂರಾಗುತ್ತದೆ, ರೆಫ್ರಿಗೆ ಕೇಳಿದ ಪ್ರಶ್ನೆಯಾಗುವುದಿಲ್ಲ. ಒಂದೇ ಪ್ರಶ್ನೆ ಕೇಳಿ. ಉತ್ತರ ಬಂದ ಮೇಲೆ ಅದನ್ನೇ ತಿರುವಿ ಕೇಳಬೇಡಿ. ಅಸಭ್ಯವಾಗಿ ನಡೆದುಕೊಂಡರಂತೂ ಕೆಂಪು ಕಾರ್ಡ್, ವಾಲಿಬಾಲ್‌ನಲ್ಲಿ ಅದರ ಬೆಲೆ ಒಂದು ಪಾಯಿಂಟ್ ಮತ್ತು ಸರ್ವಿಸ್, ಎರಡೂ ಎದುರಾಳಿಗೆ.

ಕಮಿಟಿಯವರಿಗೂ ಒಂದು ಮಾತು. ಮುಂದಿನ ಹ್ಯಾಂಡ್‌ಬಿಲ್‌ನಲ್ಲಿ "ಅಂತಿಮ" ಅನ್ನುವ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕಿಸಿ: "ಕ್ಯಾಪ್ಟನ್ ಮಾತ್ರ ವಿವರಣೆ ಕೇಳಬಹುದು, ಆಕ್ಷೇಪಣೆಯನ್ನು ಸ್ಕೋರ್ ಶೀಟ್‌ನಲ್ಲಿ ಬರೆಸಬೇಕು." ಪ್ರಿಂಟಿಂಗ್‌ಗೆ ಹೆಚ್ಚಿನ ದುಡ್ಡೇನೂ ಬೀಳುವುದಿಲ್ಲ. ಟಾಸ್ ಹೊತ್ತಿಗೆ ಎರಡೂ ಕ್ಯಾಪ್ಟನ್‌ಗಳ ಮುಂದೆ ರೆಫ್ರಿ ಇದನ್ನು ಬಾಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ನಿಜ ಹೇಳಬೇಕಂದರೆ ನಮ್ಮ ಕಡೆ ಜಗಳ ಶುರು ಮಾಡುವವರು ಬಹಳ ಸಲ ಆಟಗಾರರೇ ಅಲ್ಲ. ಜೆರ್ಸಿಗೆ ದುಡ್ಡು ಕೊಟ್ಟ ಊರ ಹಿರಿಯರು, ಇಲ್ಲವೇ ಮೊದಲು ಆಡುತ್ತಿದ್ದ ಅಣ್ಣಂದಿರು ಗೆರೆ ದಾಟಿ ಒಳಗೆ ಬರುತ್ತಾರೆ. ಅವರಿಗೆ ಯಾವ ಕಾರ್ಡೂ ಇಲ್ಲ. ಅವರನ್ನು ತಡೆಯುವುದು ರೆಫ್ರಿಗಿಂತ ನಿಮಗೆ ಸುಲಭ, ನೀವು ಅವರ ಮನೆ ಹುಡುಗ. "ಕಾಕಾ, ನಾ ಕೇಳ್ತೀನಿ, ನೀವು ಕುಂದರ್ರಿ" ಅಂತ ಮ್ಯಾಚಿಗೆ ಮೊದಲೇ ಹೇಳಿಡಿ. ಮಧ್ಯದಲ್ಲಿ ಹೇಳಿದರೆ ಅವರು ಕೇಳುವುದಿಲ್ಲ.