ಕಕ್ಕಡದ ಬೆಳಕು

ಜುಲೈ ತಿಂಗಳ ಒಂದು ಬೆಳಿಗ್ಗೆ ಕೊಡಗಿನ ಕಕ್ಕಬೆಯ ಗದ್ದೆ ಬದುವಿನ ಮೇಲೆ ಚಿತ್ರ ಬರೆಯುತ್ತಾ ಕುಳಿತಿದ್ದೆ. ಎದುರಿಗೆ ತಡಿಯಂಡಮೋಳ್ ಬೆಟ್ಟ ಇರಬೇಕಾದ ಜಾಗದಲ್ಲಿ ಮೋಡವಿತ್ತು. ನಾಟಿಗೆ ಬಂದಿದ್ದ ಹೆಂಗಸೊಬ್ಬರು ಹಿಂದಿನಿಂದ ಬಗ್ಗಿ ನೋಡಿ, "ಅಣ್ಣ, ಆಕಾಶಕ್ಕೆ ಬಣ್ಣವನ್ನೇ ಹಚ್ಚಿಲ್ಲವಲ್ಲ? ಮೋಡ ಅಷ್ಟು ಕಪ್ಪಗಿದೆ, ನೀವು ಬಿಳಿ ಬಿಟ್ಟಿದ್ದೀರಿ" ಎಂದರು. ಉತ್ತರ ಹೇಳುವ ಬದಲು ಒಂದು ಖಾಲಿ ಹಾಳೆಯನ್ನು ಅವರ ಕೈಗೆ ಕೊಟ್ಟೆ. ನೆಟ್ಟಗೆ ಹಿಡಿದು ಮೋಡದ ಪಕ್ಕಕ್ಕೆ ತಂದು ನೋಡಿ ಎಂದೆ. ಅವರು ಹಿಡಿದರು, ಕಣ್ಣು ಕಿರಿದು ಮಾಡಿದರು, ಹಾಳೆಯನ್ನು ಒಮ್ಮೆ ತಿರುಗಿಸಿ ಮತ್ತೆ ಹಿಡಿದರು. "ಹಾಳೆಯೇ ಕಪ್ಪಗೆ ಕಾಣುತ್ತದಲ್ಲ!"

ನೀವೂ ಮಾಡಿ ನೋಡಬಹುದು. ದಟ್ಟ ಮೋಡ ಕವಿದ ದಿನ ಬಯಲಿನಲ್ಲಿ ನಿಂತು ಬಿಳಿ ಹಾಳೆಯೊಂದನ್ನು ಆಕಾಶಕ್ಕೆ ಎದುರಾಗಿ ಹಿಡಿದರೆ, ನಾವು ಕಪ್ಪು ಮೋಡ ಎಂದು ಕರೆಯುವುದರ ಮುಂದೆ ಆ ಹಾಳೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ನಿಂತ ನೆಲ ಸರಿದಂತಾಗಿತ್ತು. ಅಲ್ಲಿಯವರೆಗೆ ಬರೆದಿದ್ದ ಮಳೆಗಾಲದ ಚಿತ್ರಗಳಲ್ಲೆಲ್ಲ ಆಕಾಶಕ್ಕೆ ಗಾಢ ಬೂದು ಬಳಿದು, ಮನೆಗಳ ಗೋಡೆಯನ್ನು ಬೆಳ್ಳಗೆ ಬಿಟ್ಟಿದ್ದೆ. ಎಲ್ಲವೂ ತಲೆಕೆಳಗಾಗಿದ್ದವು.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಬಿಸಿಲಿನ ದಿನ ಬೆಳಕು ಮುಖ್ಯವಾಗಿ ಬರುವುದು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲವಿರುವ ಸೂರ್ಯನ ಬಿಲ್ಲೆಯಿಂದ. ಮೋಡದ ದಿನ ಇಡೀ ಆಕಾಶವೇ ದೀಪ. ದೀಪವೇ ನೆಲದ ವಸ್ತುಗಳಿಗಿಂತ ಪ್ರಕಾಶವಾಗಿರುವುದು ಸಹಜ. ಆದರೆ ಈ ದೀಪ ಎಲ್ಲ ಕಡೆ ಸಮವಾಗಿ ಉರಿಯುವುದಿಲ್ಲ. ಪ್ಯಾರಿ ಮೂನ್ ಮತ್ತು ಡೊಮಿನಾ ಸ್ಪೆನ್ಸರ್ 1942ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಮುಂದೆ 1955ರಲ್ಲಿ ಅಂತರರಾಷ್ಟ್ರೀಯ ಪ್ರಕಾಶ ಆಯೋಗವೂ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ಪೂರ್ತಿ ಮೋಡ ಮುಚ್ಚಿದ ಆಕಾಶದ ನೆತ್ತಿ, ದಿಗಂತದ ಅಂಚಿಗಿಂತ ಮೂರು ಪಟ್ಟು ಬೆಳಗಿರುತ್ತದೆ. ನೆತ್ತಿಯ ಬೆಳಕನ್ನು 100 ಎಂದು ಇಟ್ಟುಕೊಳ್ಳಿ, ದಿಗಂತದ್ದು 33 ಆಗುತ್ತದೆ. ನೆಲದ ಮೇಲೆ ಮಲಗಿಸಿದ ಒಳ್ಳೆಯ ಬಿಳಿ ಹಾಳೆ ಸುಮಾರು 70ಕ್ಕೆ ಬರುತ್ತದೆ. ಅದೇ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದಕ್ಕೆ ಅರ್ಧ ಆಕಾಶ ಮಾತ್ರ ಕಾಣುತ್ತದೆ, ಅದರಲ್ಲೂ ಬೆಳಗುವ ನೆತ್ತಿ ಓರೆಯಾಗಿ ಕಾಣುತ್ತದೆ. ಹಾಗಾಗಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಅದರ ಹಿಂದೆ 30 ಡಿಗ್ರಿ ಎತ್ತರದಲ್ಲಿರುವ ಮೋಡ 66ರಷ್ಟು ಬೆಳಗುತ್ತಿರುತ್ತದೆ. ಆ ಹೆಂಗಸು ಕಂಡದ್ದು ಈ ಅಂತರವನ್ನೇ.

ಹಾಗಾದರೆ ಮೋಡ ನಮಗೆ ಕಪ್ಪಗೆ ಏಕೆ ಕಾಣುತ್ತದೆ? ಗಾಳಿಯ ಅಣುಗಳು ಬೆಳಕಿನ ತರಂಗಕ್ಕಿಂತ ತೀರಾ ಚಿಕ್ಕವು. ಅವು ಕೆಂಪಿಗಿಂತ ನೀಲಿಯನ್ನು ಹೆಚ್ಚು ಚದುರಿಸುವುದರಿಂದ ತಿಳಿ ಆಕಾಶ ನೀಲಿ. ಮೋಡದ ಹನಿಗಳಾದರೋ 10ರಿಂದ 20 ಮೈಕ್ರೋಮೀಟರ್ ಅಡ್ಡಳತೆಯವು, ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಅವುಗಳಿಗೆ ಕೆಂಪು, ಹಸಿರು, ನೀಲಿ ಎಂಬ ಭೇದವಿಲ್ಲ. ಬಿಳಿ ಬೆಳಕು ಹೋಗಿ ಬಿಳಿಯಾಗಿಯೇ ಹೊರಬರುತ್ತದೆ. ಆದರೆ ಅದರ ಬಹುಪಾಲು ಮೇಲಕ್ಕೇ ಮರಳುತ್ತದೆ. ಅದಕ್ಕೇ ವಿಮಾನದಿಂದ ನೋಡಿದವರಿಗೆ ಅದೇ ಮೋಡ ಕಣ್ಣು ಕುಕ್ಕುವ ಬಿಳಿ. ನಮ್ಮ ಪಾಲಿಗೆ ಇಳಿಯುವುದು ಹತ್ತರಲ್ಲಿ ಒಂದೆರಡು ಭಾಗ. ಬೂದು ಎಂಬುದು ಇಲ್ಲಿ ಬೇರೆ ಬಣ್ಣವಲ್ಲ, ಸೋತ ಬಿಳಿ. ಕಪ್ಪು ಎನಿಸುವುದು ನಿನ್ನೆಯ ಆಕಾಶದ ನೆನಪಿನಿಂದ ಮತ್ತು ಪಕ್ಕದ ತೆಳು ಮೋಡದ ಹೋಲಿಕೆಯಿಂದ.

ಸೋತದ್ದು ಎಂದೆನಾದರೂ ಅದು ಕಡಿಮೆ ಬೆಳಕೇನಲ್ಲ. ಮೇಲ್ಮೈಗೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್, ಮೋಡದ ಹಗಲು 10,000 ಲಕ್ಸ್ ಆಸುಪಾಸು. ಟ್ಯೂಬ್‌ಲೈಟ್ ಉರಿಯುವ ಮನೆಯ ಕೋಣೆಯಲ್ಲಿ ಸಿಗುವುದು ಇನ್ನೂರು ಮುನ್ನೂರು ಲಕ್ಸ್ ಅಷ್ಟೆ. ಚಿತ್ರಕಾರನಿಗೆ ಮುಖ್ಯವಾದದ್ದು ಬೇರೆ: ಬಿಸಿಲಿನ ನೋಟದಲ್ಲಿ ಅತಿ ಬೆಳಗಿದ ಜಾಗಕ್ಕೂ ಅತಿ ಕತ್ತಲ ಜಾಗಕ್ಕೂ ಸಾವಿರ ಪಟ್ಟು ಅಂತರವಿರಬಹುದು. ಕಾಗದದ ಬಿಳಿಗೂ ನನ್ನ ಪೆಟ್ಟಿಗೆಯ ಅತಿ ಗಾಢ ಬಣ್ಣಕ್ಕೂ ಇರುವುದು ಇಪ್ಪತ್ತು ಪಟ್ಟಿನಷ್ಟು ಅಂತರ. ಬಿಸಿಲನ್ನು ಬರೆಯುವವರು ಪ್ರತಿ ಸಲವೂ ಸಾವಿರವನ್ನು ಇಪ್ಪತ್ತಕ್ಕೆ ಹಿಸುಕಬೇಕು. ಮೋಡದ ದಿನ, ಆಕಾಶವನ್ನು ಬಿಟ್ಟರೆ, ನೆಲದ ಮೇಲಿನ ನೋಟ ಹೆಚ್ಚುಕಡಿಮೆ ಕಾಗದದ ಅಳತೆಗೇ ಬಂದು ಕೂರುತ್ತದೆ. ಕಂಡಷ್ಟನ್ನೇ ಬರೆಯಬಹುದಾದ ದಿನಗಳು ಇವು. ಮಳೆಗಾಲದಲ್ಲಿ ಬಣ್ಣದ ಪೆಟ್ಟಿಗೆ ಮುಚ್ಚಿಡುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಬೆಳಕು ಮೇಲಿನಿಂದ ಸುರಿಯುತ್ತದೆ ಎಂಬುದನ್ನು ಕೊಡವರ ಹಳೆಯ ಕುಲಮನೆಯಾದ ಐನ್‌ಮನೆಯೊಂದರ ಎದುರು ಕುಳಿತು ಕಲಿಯಬೇಕು. ಸುಣ್ಣ ಬಳಿದ ಗೋಡೆ, ಪಾಚಿ ಹಿಡಿದ ಹೆಂಚಿನ ಮಾಡು. ಬಿಸಿಲಿನ ಬೆಳಿಗ್ಗೆ ಪೂರ್ವದ ಗೋಡೆ ಉರಿಯುವಂತೆ ಬೆಳಗಿ, ಮಾಡು ಅದರ ಮುಂದೆ ಕಪ್ಪಾಗುತ್ತದೆ. ಮೋಡದ ದಿನ, ಮೇಲೆ ಹೇಳಿದ ಸೂತ್ರದ ಪ್ರಕಾರ, ನೆಟ್ಟಗಿನ ಗೋಡೆಗೆ ಸಿಗುವುದು ಸಮತಟ್ಟು ನೆಲಕ್ಕೆ ಸಿಗುವ ಬೆಳಕಿನ ನೂರಕ್ಕೆ 40 ಭಾಗ ಮಾತ್ರ. ಮಾಡಿನ ಚಾಚು ಅದರಲ್ಲೂ ಪಾಲು ಕೀಳುತ್ತದೆ. ಓರೆಯಾಗಿ ಮಲಗಿದ ಮಾಡಿಗೆ ಹೆಚ್ಚು ಸಿಗುತ್ತದೆ. ಹಾಗಾಗಿ ಬಿಳಿ ಗೋಡೆಯೂ ಹಳೆಯ ಹೆಂಚೂ ಗಾಢತೆಯಲ್ಲಿ ಅಕ್ಕಪಕ್ಕಕ್ಕೆ ಬಂದುಬಿಡುತ್ತವೆ. ಗೋಡೆ ಬಿಳಿ ಎಂದು ಮನಸ್ಸು ಹಟ ಹಿಡಿಯುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಹಟ ಸಡಿಲವಾಗುತ್ತದೆ.

ನೆರಳಿಲ್ಲದ ದಿನ ಎನ್ನುತ್ತಾರೆ. ಅಂಚು ಕತ್ತರಿಸಿದ ನೆರಳು ಇಲ್ಲ, ನಿಜ. ಆದರೆ ಯಾವ ಜಾಗಕ್ಕೆ ಆಕಾಶ ಕಡಿಮೆ ಕಾಣುತ್ತದೋ ಆ ಜಾಗ ಅಷ್ಟು ಕತ್ತಲಾಗುತ್ತದೆ. ಕಾಫಿ ಗಿಡದ ಬುಡ, ಕಲ್ಲುಕಟ್ಟೆಯ ಸಂದು, ಹಾಲವಾಣದ ಕಾಂಡಕ್ಕೂ ಅದನ್ನು ತಬ್ಬಿದ ಮೆಣಸಿನ ಬಳ್ಳಿಗೂ ನಡುವಿನ ಬಿರುಕು. ಒಂದು ಇರುವೆ ಆ ಜಾಗದಲ್ಲಿ ನಿಂತು ಮೇಲೆ ನೋಡಿದರೆ ಅದಕ್ಕೆ ಎಷ್ಟು ಆಕಾಶ ಕಂಡೀತು ಎಂದು ನಾನು ಪ್ರತಿ ಸಲ ಕೇಳಿಕೊಳ್ಳುತ್ತೇನೆ, ಅದೇ ಉತ್ತರ ಕುಂಚಕ್ಕೆ ಸಾಕು. ಕಾಫಿ ಗಿಡಗಳ ಅಡಿಯ ಆ ಕತ್ತಲೆಗೆ ಕಪ್ಪು ಬಣ್ಣ ಹಾಕಬಾರದು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು ಮದ್ದುಸೊಪ್ಪನ್ನು ಕುದಿಸಿದಾಗ ನೀರಿಗೆ ಇಳಿಯುವ ಗಾಢ ನೇರಳೆ ಇದೆಯಲ್ಲ, ಅದರ ಹತ್ತಿರದ ಬಣ್ಣ ಅಲ್ಲಿ ಜೀವ ತುಂಬುತ್ತದೆ.

ಇನ್ನೊಂದು ಲಾಭ ಸಮಯದ್ದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬಿಸಿಲಿನಲ್ಲಿ ಬೇಲಿಯ ನೆರಳನ್ನು ಬರೆದು ಮುಗಿಸುವಷ್ಟರಲ್ಲಿ ಅದು ಬೇರೆ ಬೇಲಿಯ ನೆರಳಾಗಿರುತ್ತದೆ. ದಟ್ಟ ಮೋಡದಡಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಆಕಾರಗಳು ಕದಲುವುದಿಲ್ಲ.

ಕೊಡಗಿನಲ್ಲಿ ಮೋಡ ತಲೆಯ ಮೇಲೆ ಮಾತ್ರ ಇರುವುದಿಲ್ಲ, ಅಂಗಳಕ್ಕೂ ಬರುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನು ಏರುವಾಗ ತಣಿದು ಮೋಡವಾಗುತ್ತದೆ. ಆ ಮೋಡದ ತಳ ಬಹಳ ದಿನ ಮಡಿಕೇರಿಗಿಂತಲೂ ಕೆಳಗಿರುತ್ತದೆ. ಕರಾವಳಿಯಿಂದ ನೋಡುವವರಿಗೆ ಮೋಡ, ಮಡಿಕೇರಿಯ ರಾಜಾಸೀಟಿನಲ್ಲಿ ನಿಂತವರಿಗೆ ಮಂಜು, ವಸ್ತು ಒಂದೇ. ಅದೇ ಹೊತ್ತಿನಲ್ಲಿ 30 ಕಿಲೋಮೀಟರ್ ಪೂರ್ವಕ್ಕೆ ಕುಶಾಲನಗರದಲ್ಲಿ ಮೋಡ ಹರಿದು ತೆಳ್ಳಗಾಗಿ, ಬಸ್ ಇಳಿದವರಿಗೆ ನೆರಳು ಸಿಕ್ಕರೂ ಸಿಗಬಹುದು.

ಈ ಮಂಜು ದೂರವನ್ನು ಬರೆಯುವ ಪಾಠವನ್ನೇ ಬದಲಿಸುತ್ತದೆ. ದೂರದ ಬೆಟ್ಟಕ್ಕೆ ನೀಲಿ ಹಾಕು ಎಂದು ಚಿತ್ರಕಲೆಯ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಒಣ ಗಾಳಿಗೆ ಅದು ಸರಿ, ಅಲ್ಲಿ ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ನೀಲಿಯನ್ನು ಚದುರಿಸುತ್ತದೆ. ಮಂಜಿನ ಹನಿಗಳು ಬಣ್ಣಭೇದ ಮಾಡುವುದಿಲ್ಲವಾದ್ದರಿಂದ ದೂರ ಹೋದಂತೆ ಮರಗಳು ನೀಲಿಯಾಗುವುದಿಲ್ಲ, ಆಕಾಶದ ಬಿಳಿಯೊಳಗೆ ಕರಗುತ್ತವೆ. ಕರಗುವುದಕ್ಕೂ ನಿಯಮವಿದೆ. ಹಾರಾಲ್ಡ್ ಕೋಶ್‌ಮೀಡರ್ 1924ರಲ್ಲಿ ವಿವರಿಸಿದಂತೆ, ಹಿನ್ನೆಲೆಗೂ ವಸ್ತುವಿಗೂ ಇರುವ ವ್ಯತ್ಯಾಸ ಸಮದೂರಗಳಲ್ಲಿ ಸಮಪ್ರಮಾಣದಲ್ಲಿ ಕುಗ್ಗುತ್ತದೆ. 50 ಮೀಟರಿಗೆ ಅರ್ಧವಾದರೆ 100ಕ್ಕೆ ಕಾಲು, 150ಕ್ಕೆ ಅರೆಕಾಲು. ಕಾಫಿ ತೋಟದ ಅಂಚಿನಲ್ಲಿ ಸಾಲಾಗಿ ನೆಟ್ಟ ಸಿಲ್ವರ್ ಓಕ್ ಮರಗಳು ಈ ನಿಯಮವನ್ನು ಕಣ್ಣ ಮುಂದೆಯೇ ಬಿಡಿಸಿಡುತ್ತವೆ. ಮೊದಲ ಮರದಿಂದ ಎರಡನೆಯದಕ್ಕೆ ದೊಡ್ಡ ಜಿಗಿತ, ಎರಡರಿಂದ ಮೂರಕ್ಕೆ ಅದಕ್ಕಿಂತ ಚಿಕ್ಕದು, ಆರು ಏಳನೆಯದಕ್ಕೆ ಬರುವಾಗ ಮರ ಇದೆಯೋ ಇಲ್ಲವೋ ಎಂಬ ಗುಮಾನಿ. ಸಮಸಮನಾಗಿ ತಿಳಿಗೊಳಿಸುತ್ತಾ ಹೋದರೆ ಚಿತ್ರದಲ್ಲಿ ಮಂಜು ಬರುವುದಿಲ್ಲ, ಪರದೆ ಬರುತ್ತದೆ.

ಮಳೆಗಾಲದಲ್ಲಿ ಹಸಿರು ಹೆಚ್ಚಾಗುತ್ತದೆ ಎನ್ನುವ ಮಾತು ಅರ್ಧ ಮಾತ್ರ ನಿಜ. ಕಾಫಿ ಎಲೆಯ ಮೈ ನುಣುಪು. ಅದರಿಂದ ಬರುವ ಬೆಳಕಿನಲ್ಲಿ ಎರಡು ಪಾಲು: ಎಲೆಯೊಳಗೆ ಹೊಕ್ಕು ಹೊರಬಂದ ಹಸಿರು, ಮತ್ತು ಮೇಲ್ಮೈಯಿಂದಲೇ ಚಿಮ್ಮಿದ ಆಕಾಶದ ಬಿಳಿ. ಬಿಸಿಲಿನಲ್ಲಿ ಆ ಬಿಳಿ ಅಲ್ಲಲ್ಲಿ ಕಿಡಿಯಾಗಿ ಮಿಂಚುತ್ತದೆ. ಮೋಡದ ದಿನ ಮೇಲ್ಮುಖವಾದ ಪ್ರತಿ ಎಲೆಯೂ ಒಂದೊಂದು ತುಂಡು ಆಕಾಶವನ್ನು ಹೊದೆಯುತ್ತದೆ, ತೋಟ ಬೆಳ್ಳಿ ಬೂದಾಗುತ್ತದೆ. ಟ್ಯೂಬಿನಿಂದ ಹಿಂಡಿದ ಹಸಿರು ಅಲ್ಲಿ ಸುಳ್ಳು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದರೆ ಸಿಗುವ ಬೂದು ಬಣ್ಣವನ್ನು ಹಸಿರಿಗೆ ಸೇರಿಸಬೇಕು. ಪಾಚಿ, ಮಣ್ಣು, ಮರದ ತೊಗಟೆಗಳ ಕಥೆಯೇ ಬೇರೆ. ಒದ್ದೆಯಾದಾಗ ಅವು ಗಾಢವಾಗುತ್ತವೆ. ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಮ್ 1925ರಲ್ಲಿ ಇದಕ್ಕೆ ಕೊಟ್ಟ ಕಾರಣ ಸೊಗಸಾಗಿದೆ. ಮಣ್ಣಿನಿಂದ ಚದುರಿ ಹೊರಡುವ ಬೆಳಕು ಅದರ ಮೇಲಿನ ನೀರಿನ ಪೊರೆಯನ್ನು ದಾಟಬೇಕು. ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣಗಳು ದಾಟಲಾರದೆ ಒಳಕ್ಕೇ ಪ್ರತಿಫಲಿಸುತ್ತವೆ. ಹೀಗೆ ಸುಮಾರು ಅರ್ಧದಷ್ಟು ಬೆಳಕು ಮತ್ತೆ ಮಣ್ಣಿಗೇ ಬಿದ್ದು, ಮತ್ತೊಮ್ಮೆ ಹೀರಲ್ಪಡುತ್ತದೆ. ಪ್ರತಿ ಸುತ್ತಿನಲ್ಲೂ ಮಣ್ಣು ತನ್ನ ಕೆಂಪನ್ನು ಉಳಿಸಿ ಉಳಿದದ್ದನ್ನು ನುಂಗುತ್ತದೆ. ಗಾಳಿಬೀಡಿನ ರಸ್ತೆಯ ಮಣ್ಣಿನ ಅಂಚು ಮಳೆಯಲ್ಲಿ ಅಷ್ಟು ಕೆಂಪಾಗುವುದು ಹೀಗೆ.

ನನ್ನ ಹಾಳೆಯ ಮೇಲೂ ಇದೇ ನಡೆಯುತ್ತದೆ. ಹಸಿ ಜಲವರ್ಣ ಗಾಢ, ಒಣಗಿದ ಮೇಲೆ ತಿಳಿ. ಎಷ್ಟು ತಿಳಿಯಾಗುತ್ತದೆ ಎಂದು ಅಂದಾಜು ಮಾಡಲು ಅದು ಒಣಗಬೇಕಲ್ಲ! ಬಣ್ಣ ಒಣಗುವುದೆಂದರೆ ಹಾಳೆಯಿಂದ ಹೊರಡುವ ನೀರಿನ ಅಣುಗಳು ಗಾಳಿಯಿಂದ ಮರಳುವ ಅಣುಗಳಿಗಿಂತ ಹೆಚ್ಚಿರಬೇಕು. ಗಾಳಿ ತೇವದಿಂದ ತುಂಬಿ ತುಳುಕುವಾಗ ಹೋದಷ್ಟೇ ಮರಳುತ್ತವೆ. ಒಂದು ಲೇಪ ಅರ್ಧ ಒಣಗಿರುವಾಗ ಪಕ್ಕದಲ್ಲಿ ಹೆಚ್ಚು ನೀರಿನ ಕುಂಚ ತಾಗಿದರೆ, ನೀರು ಬಣ್ಣದ ಕಣಗಳನ್ನು ತಳ್ಳುತ್ತಾ ಹೋಗಿ ಹೂಕೋಸಿನಂಥ ಕಲೆ ಬಿಡುತ್ತದೆ. ಕಕ್ಕಡದಲ್ಲಿ ಈ ಅರ್ಧ ಒಣಗಿದ ಸ್ಥಿತಿಯೇ ಗಂಟೆಗಟ್ಟಲೆ ಉಳಿಯುತ್ತದೆ. ಎಣ್ಣೆಬಣ್ಣದವರಿಗೆ ಈ ಸಂಕಟ ಕಡಿಮೆ, ಅಗಸೆ ಎಣ್ಣೆ ಗಟ್ಟಿಯಾಗುವುದು ನೀರು ಆರಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ.

ನನಗೆ ಉಪಾಯ ಸಿಕ್ಕಿದ್ದು ಪರಿಚಯದವರ ಅಡುಗೆಮನೆಯಲ್ಲಿ. ಒದ್ದೆ ಹಾಳೆ ಹಿಡಿದು ಒಳಗೆ ಬಂದವನಿಗೆ ಆ ಮನೆಯ ಅಜ್ಜಿ, "ಒಲೆಯ ಹತ್ತಿರ ಹಿಡಿ ಮಗ, ತೀರಾ ಕೆಳಗೆ ತರಬೇಡ" ಎಂದರು. 20 ಡಿಗ್ರಿಯಲ್ಲಿ ನೂರಕ್ಕೆ ನೂರು ತೇವ ತುಂಬಿದ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಸಾಪೇಕ್ಷ ಆರ್ದ್ರತೆ 55ಕ್ಕೆ ಇಳಿಯುತ್ತದೆ, ಬಿಸಿ ಗಾಳಿಗೆ ಹೆಚ್ಚು ಆವಿಯನ್ನು ಹೊರುವ ಶಕ್ತಿ ಇರುವುದರಿಂದ. ಮಳೆಗಾಲದ ಬಟ್ಟೆಯನ್ನೂ ಕಾಳುಮೆಣಸನ್ನೂ ಒಲೆಯ ಶಾಖದಲ್ಲಿ ಒಣಗಿಸಿದ ಕೈಗಳಿಗೆ ಈ ಭೌತಶಾಸ್ತ್ರ ಹೊಸದಲ್ಲ. ಹಾಳೆ ಐದು ನಿಮಿಷದಲ್ಲಿ ಗರಿಗರಿಯಾಯಿತು.

ಕೊಡೆಯ ವಿಷಯವನ್ನೂ ಹೇಳಬೇಕು. ಬಣ್ಣದ ಕೊಡೆಯಡಿ ಕುಳಿತರೆ ಹಾಳೆಯ ಮೇಲೆ ಕೊಡೆಯ ಬಣ್ಣ ಬೀಳುತ್ತದೆ, ಎದುರಿನ ನೋಟಕ್ಕೆ ಬೀಳುವುದಿಲ್ಲ. ಎರಡು ಬೇರೆ ಬೆಳಕುಗಳಲ್ಲಿ ಬಣ್ಣ ಹೊಂದಿಸುವುದು ಆಗದ ಕೆಲಸ. ಹಳೆಯ ಕಪ್ಪು ಕೊಡೆಯೇ ಒಳ್ಳೆಯದು. ಅದು ನೆತ್ತಿಯ ಬೆಳಕನ್ನು ತಡೆಯುವುದರಿಂದ ಹಾಳೆ ಮಂಕಾಗುತ್ತದೆ, ಕೈ ತಾನಾಗಿ ಬಣ್ಣವನ್ನು ತೆಳು ಮಾಡುತ್ತದೆ. ಮನೆಗೆ ಬಂದು ನೋಡಿದರೆ ಚಿತ್ರ ಬಿಳಿಚಿರುತ್ತದೆ. ಹಾಗಾಗಿ ಮಳೆ ಬಿಡುವು ಕೊಟ್ಟಾಗಲೆಲ್ಲ ಹಾಳೆಯನ್ನು ಕೊಡೆಯಿಂದ ಹೊರಗೆ ತಂದು ಒಮ್ಮೆ ನೋಡಿಕೊಳ್ಳುತ್ತೇನೆ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನೇ ಮತ್ತೆ ಮತ್ತೆ ಬರೆದ. ಹಲವು ಚಿತ್ರಗಳ ಹಿಂದೆ ದಿನಾಂಕ, ಹೊತ್ತು, ಗಾಳಿ ಬೀಸಿದ ದಿಕ್ಕನ್ನು ಗುರುತು ಹಾಕಿಟ್ಟ. ಮೋಡಗಳಿಗೆ ಲ್ಯೂಕ್ ಹೋವರ್ಡ್ ಹೆಸರುಗಳನ್ನು ಕೊಟ್ಟು ಆಗಿನ್ನೂ ಇಪ್ಪತ್ತು ವರ್ಷ. ಆ ಅಭ್ಯಾಸವನ್ನು ನಾನೂ ಹಿಡಿದಿದ್ದೇನೆ. ಕಕ್ಕಬೆಯ ಆ ಚಿತ್ರದ ಹಿಂದೆ "ಹನ್ನೊಂದು ಗಂಟೆ, ಪಶ್ಚಿಮದ ಗಾಳಿ, ಬೆಟ್ಟ ಕಾಣುವುದಿಲ್ಲ" ಎಂದಿದೆ.

ಅದರ ಕೆಳಗೆ ಇನ್ನೊಂದು ಸಾಲಿದೆ: "ಮೂರೂವರೆಗೆ ಬಿಸಿಲು." ಮೋಡ ಒಂದೆಡೆ ಹರಿದು ತಡಿಯಂಡಮೋಳ್‌ನ ಹೆಗಲು ಕಂಡಿತು. ನಾಟಿಯಾದ ಗದ್ದೆಯ ಮೇಲೆ ಪ್ರತಿ ಸಸಿಗೂ ಒಂದೊಂದು ನೆರಳು ಮೂಡಿತು, ಗೋಡೆಗಳು ಹೊತ್ತಿಕೊಂಡವು. ನನ್ನ ಹಾಳೆಯಲ್ಲಿದ್ದ ಊರು ಎದುರಿಗಿರಲಿಲ್ಲ. ಬದುವಿನ ಬಲಗಡೆಯ ಮೂಲೆ ಇನ್ನೂ ಖಾಲಿಯಿತ್ತು. ಹಾಗೆಯೇ ಬಿಟ್ಟು, ಕುಂಚ ತೊಳೆದು, ಮೊಣಕಾಲಿನವರೆಗೆ ಹತ್ತಿದ್ದ ಜಿಗಣೆಗಳನ್ನು ಉಪ್ಪು ಹಾಕಿ ಬಿಡಿಸಿ, ಬಸ್ಸಿಗೆ ಹೊರಟೆ.